ವಾಲಿದ ಕತ್ತಿನ ವ್ಯಾಪಾರ

ನನ್ನ ಹೆಂಡತಿಗೆ ಕತ್ತು ನೋವಿದೆ ಅನ್ನುವುದು ನನಗೆ ಗೊತ್ತಾದದ್ದು ಒಂದು ಹಸು ಕೊಂಡ ಮೇಲೆ. ಹಸುವಿಗೂ ಕತ್ತಿಗೂ ಏನಪ್ಪ ಸಂಬಂಧ ಅಂತ ನೀವು ಕೇಳಬಹುದು. ಹೇಳುತ್ತೇನೆ. ವ್ಯಾಪಾರ ಮಾಡುವವರು ಮಾತ್ರವಲ್ಲ, ಮನೆಯಲ್ಲಿ ಹೆಂಡತಿ ಇರುವವರೆಲ್ಲ ಕೇಳಿಸಿಕೊಳ್ಳಬೇಕಾದ ಸಂಗತಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ನಾನು ಈ ಊರಿಗೆ ಬಂದಾಗ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೇರೆಯವರ ಮೂಟೆ ಹೊರುತ್ತಿದ್ದವನು. ಹೊರುತ್ತಾ ಹೊರುತ್ತಾ ಗೂಡು ನೋಡುವುದು ಕಲಿತೆ, ಬೆಲೆ ಕಟ್ಟುವುದು ಕಲಿತೆ, ಆಮೇಲೆ ಯಾರೋ ಬಿಟ್ಟುಹೋದ ಹಳೇ ಬೇಸಿನ್ ಒಂದನ್ನು ಚೌಕಾಸಿ ಮಾಡಿ ತಂದು ಬಾಡಿಗೆ ಮನೆಯ ಒಳಗೋಣೆಯಲ್ಲಿ ಒಲೆ ಹಾಕಿಸಿದೆ. ಬೇಸಿನ್ ಅಂದರೆ ಬಿಸಿನೀರಿನ ತೊಟ್ಟಿ. ಬೆಂದ ಗೂಡುಗಳು ಅದರಲ್ಲಿ ತೇಲುತ್ತಿರುತ್ತವೆ. ಅವುಗಳ ಎಳೆ ಹುಡುಕಿ, ಹಿಡಿದು, ಕೂಡಿಸಿ, ಮೇಲಿನ ರಾಟೆಗೆ ಏರಿಸಬೇಕು. ಆ ಕೆಲಸ ನನ್ನ ಹೆಂಡತಿಯದು. ಅವಳು ಗೌರಿಬಿದನೂರು ತಾಲ್ಲೂಕು, ನಗರಗೆರೆ ಹತ್ತಿರದ ಬೇಸಾಯದ ಮನೆಯವಳು. ಹುಳು ಬೇಯುವ ವಾಸನೆಗೆ ಮೊದಮೊದಲು ಸೆರಗು ಮೂಗಿನಿಂದ ಇಳಿಸುತ್ತಿರಲಿಲ್ಲ. ಆಮೇಲೆ ಅವಳ ಕೈ ಹೇಗೆ ಕುದುರಿತು ಅಂದರೆ, ಕೂದಲಿನಂಥ ಎಳೆ ನೀರಿನೊಳಗೆ ಕಡಿದದ್ದು ನಮಗೆ ಕಾಣುವ ಮೊದಲೇ ಅವಳ ಬೆರಳಿಗೆ ತಿಳಿಯುತ್ತಿತ್ತು. ನಮ್ಮ ನೂಲಿಗೆ ಹೆಸರು ಬಂದದ್ದು ಆ ಬೆರಳಿನಿಂದ. ನಾನು ಬಾಯಿ, ಅವಳು ಕೈ. ಹೀಗೆ ಸಂಸಾರ ನಡೆದಿತ್ತು.

ಇನ್ನೊಂದು ಗುಟ್ಟೂ ಇತ್ತು. ಏನೇ ಕೊಳ್ಳಲಿ, ಮಾರಲಿ, ಮಾತಾಡುವವನು ನಾನು, ತೀರ್ಮಾನ ಅವಳದು. ಎದುರಿನವನ ಬೆನ್ನ ಹಿಂದೆ ಎಲ್ಲಾದರೂ ನಿಂತೋ ಕೂತೋ ಇರುತ್ತಿದ್ದಳು. ತಲೆ ಎಡಕ್ಕೆ ಒಂಚೂರು ವಾಲಿದರೆ "ಆಯ್ತು, ಮುಗಿಸಿ". ನೆಟ್ಟಗಿದ್ದರೆ "ಇನ್ನೂ ಎಳೀರಿ". ಮುಖ ತಿರುಗಿಸಿಬಿಟ್ಟರೆ "ಎದ್ದು ಬನ್ನಿ". ನಾವು ಕೂತು ಮಾತಾಡಿಕೊಂಡು ಮಾಡಿದ ಏರ್ಪಾಡಲ್ಲ ಅದು, ತಾನಾಗಿ ಬಂದದ್ದು. ನನ್ನನ್ನು ಭಾರೀ ಚೌಕಾಸಿಗಾರ ಅಂತ ಊರು ಹೊಗಳುವಾಗ ಅವಳು ಒಳಗೆ ನಗುತ್ತಿದ್ದಳು.

ಸರಿ, ಹಸು. ಮನೆಗೊಂದು ಹಾಲಿನ ಹಸು ಬೇಕು ಅಂತ ಚಿಂತಾಮಣಿ ಸಂತೆಗೆ ಇಬ್ಬರೂ ಹೋದೆವು. ಹಸುವಿನ ವಿಷಯದಲ್ಲಿ ನಾನು ದಡ್ಡ, ಅವಳು ಪಂಡಿತೆ. ದಳ್ಳಾಳಿ ಟವೆಲ್ಲಿನ ಕೆಳಗೆ ನನ್ನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ, ನಾನು ಅವನ ಬೆರಳು ಮಡಚಿ ಇಳಿಸುತ್ತಿದ್ದೆ. ಅವನ ಭುಜದ ಮೇಲಿಂದ ನೋಡಿದೆ. ಬಾಲದ ಪಕ್ಕ ನಿಂತಿದ್ದ ಇವಳ ತಲೆ ಎಡಕ್ಕೆ ವಾಲಿತ್ತು. ಅರೆ, ಇಷ್ಟು ಬೇಗ ಒಪ್ಪಿಗೆಯೇ! ಇನ್ನೊಂದಿಷ್ಟು ಜಗ್ಗಾಡಿ ಮತ್ತೆ ನೋಡಿದೆ. ಇನ್ನೂ ವಾಲಿದೆ, ಅಲ್ಲಾಡದಂತೆ ವಾಲಿದೆ. ಇದು ಹಸುವಲ್ಲ, ಕಾಮಧೇನುವೇ ಇರಬೇಕು ಅಂದುಕೊಂಡು ವ್ಯಾಪಾರ ಮುಗಿಸಿಬಿಟ್ಟೆ.

ಹಗ್ಗ ಕೈಗೆ ಬಂದು ಸಂತೆಮಾಳದಿಂದ ಈಚೆ ಬಂದಮೇಲೆ ಅವಳು ಬಾಯಿಬಿಟ್ಟಳು.

"ಇದನ್ನ ತಗೊಳ್ಳಿ ಅಂತ ಯಾರು ಹೇಳಿದ್ದು ನಿಮಗೆ?"

"ನೀನೇ! ಕತ್ತು ವಾಲಿಸ್ಕೊಂಡು ನಿಂತಿದ್ದೆಯಲ್ಲ!"

"ಅಯ್ಯೋ ನಿಮ್ಮ! ಅದು ಹೂಂ ಅಲ್ಲ ಕಣ್ರೀ, ಕತ್ತು ಹಿಡ್ಕೊಂಡಿರೋದು! ಬೆಳಗ್ಗೆ ಎದ್ದಾಗಿಂದ ನೆಟ್ಟಗಾಗ್ತಿಲ್ಲ. ಕಣ್ಣಲ್ಲಿ ಬೇಡ ಬೇಡ ಅಂತ ಬಡ್ಕೊಂಡೆ, ನೀವು ನನ್ನ ಕಣ್ಣೆಲ್ಲಿ ನೋಡಿದ್ರಿ?"

ಆ ಹಸು ಅಷ್ಟರಲ್ಲಿ ನನ್ನ ಮೊಣಕಾಲಿಗೆ ಒಂದು ಒದ್ದು ತನ್ನ ಯೋಗ್ಯತೆ ತೋರಿಸಿತು. ನನಗೆ ಕಾಲು ನೋವು, ಅವಳಿಗೆ ಕತ್ತು ನೋವು, ಇಬ್ಬರಿಗೂ ನಗು. ನಗುವಾಗ ಅವಳು ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. ಆಗ ನಾನು ನಗು ನಿಲ್ಲಿಸಿದೆ.

ಮನೆಗೆ ಬಂದರೆ ನಮ್ಮಮ್ಮ ಬಾಗಿಲಲ್ಲೇ ಇದ್ದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು. "ಏಮೈಂದೇ ಅಮ್ಮಾ, ಏನಾಯ್ತು?" ಅಂದವಳೇ ಸೊಸೆಯ ದಿಂಬು ಎತ್ತಿಕೊಂಡು ಹೋಗಿ ಬಿಸಿಲಿಗೆ ಹಾಕಿದಳು. ನಮ್ಮ ಕಡೆ ಕತ್ತು ಹಿಡಿದರೆ ಮೊದಲ ವೈದ್ಯ ಅದೇ. ಕತ್ತು ನೆರಳಲ್ಲಿ, ದಿಂಬು ಬಿಸಿಲಲ್ಲಿ. ದಿಂಬು ಚೆನ್ನಾಗಿ ಕಾಯಿತು, ಕತ್ತು ಹಾಗೇ ಇತ್ತು. ಆಮೇಲೆ ಕಾಲು ಮುಂದಾಗಿ ಹುಟ್ಟಿದ ಪಕ್ಕದ ಬೀದಿಯ ಅಜ್ಜಿಯನ್ನು ಕರೆಸಿದಳು. ಹಾಗೆ ಹುಟ್ಟಿದವರು ಕಾಲಲ್ಲಿ ಮುಟ್ಟಿದರೆ ಹಿಡಿದದ್ದು ಬಿಡುತ್ತದೆ ಅಂತ ನಂಬಿಕೆ. ಪಾಪ, ಅಜ್ಜಿಗೆ ಕಾಲು ಕತ್ತಿನ ತನಕ ಎತ್ತುವುದಕ್ಕೇ ಆಗಲಿಲ್ಲ. ಬಿಟ್ಟರೆ ನಾವೇ ಅವಳನ್ನು ಆಸ್ಪತ್ರೆಗೆ ಹೊರಬೇಕಾಗುತ್ತಿತ್ತು. ಮೂರನೆಯದಾಗಿ ಅಮ್ಮ ಹೇಳಿದ್ದು ಕ್ಷೌರದಂಗಡಿಯವರ ಹಾಗೆ ಲಟಕ್ಕನೆ ಕತ್ತು ತಿರುಗಿಸುವವರೊಬ್ಬರ ಬಗ್ಗೆ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಓದುವವರಿಗೂ ಇದನ್ನೇ ಹೇಳುತ್ತೇನೆ, ಎಣ್ಣೆ ಹಚ್ಚಿ, ಶಾಖ ಕೊಡಿ, ದಿಂಬು ಬೇಕಾದರೆ ಮಾಳಿಗೆ ಮೇಲೆ ಹಾಕಿ. ಆದರೆ ಕಲಿಯದವರ ಕೈಗೆ ಕತ್ತು ಮಾತ್ರ ಕೊಡಬೇಡಿ. ಬಾಗಿಲ ಚಿಲಕ ಮುರಿದರೆ ಹೊಸದು ಸಿಗುತ್ತದೆ, ಕತ್ತು ಸಿಗುವುದಿಲ್ಲ.

ಕತ್ತು ಒಂದೆರಡು ದಿನಕ್ಕೆ ಸ್ವಲ್ಪ ನೆಟ್ಟಗಾಯಿತು. ಬೇಸಿನ್ ಮುಂದೆ ಕೂತಳು, ಮತ್ತೆ ವಾಲಿತು. ಹೀಗೇ ಆಗತೊಡಗಿದಾಗ ದೊಡ್ಡ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಎಕ್ಸ್‌ರೇ ತೆಗೆಸಿದರು, ಮೂಳೆಗೆ ಏನೂ ಆಗಿಲ್ಲ ಅಂದರು, ಮಾತ್ರೆ ಬರೆದರು, ಕತ್ತಿಗೊಂದು ಪಟ್ಟಿ ಕೊಟ್ಟರು. ಜೊತೆಗೆ, "ಬಗ್ಗಿ ಮಾಡೋ ಕೆಲಸ ಬಿಟ್ಟುಬಿಡಮ್ಮ. ಇಲ್ಲದಿದ್ರೆ ಇದು ಹೀಗೇ," ಅಂದರು.

ವಾಪಸ್ಸು ಬಸ್ಸಿನಲ್ಲಿ ಕೂತೆವು. ನಾನು ಸಮಾಧಾನ ಹೇಳಲು ಹೋದೆ. "ಒಳ್ಳೇದೇ ಆಯ್ತು ಬಿಡು. ಯಾರನ್ನಾದ್ರೂ ಕೂಲಿಗೆ ಕೂರಿಸೋಣ. ನೀನು ಆರಾಮಾಗಿರು."

"ಆರಾಮಾಗಿ ಏನು ಮಾಡ್ಲಿ?" ಅಂದಳು. "ಒಂದು ಕೆಲಸ ನನಗೆ ಚೆನ್ನಾಗಿ ಬರುತ್ತೆ ಅಂತ ಗೊತ್ತಾಗೋಕೆ ಇಷ್ಟು ವರ್ಷ ಆಯ್ತು. ಅದನ್ನ ಬಿಡು ಅಂತೀರ. ನಿಮಗೆ ನಾಳೆಯಿಂದ ಚೌಕಾಸಿ ಮಾಡಬೇಡಿ, ಹೇಳಿದಷ್ಟು ಕೊಟ್ಟು ಬನ್ನಿ ಅಂದ್ರೆ ಹೆಂಗಿರುತ್ತೆ?"

ನಾನು ಅವಳ ಕತ್ತಿನ ಬಗ್ಗೆ ಯೋಚಿಸುತ್ತಿದ್ದೆ. ಅವಳು ಬೇಸಿನ್ ಕಳೆದುಕೊಳ್ಳುವ ಬಗ್ಗೆ ಯೋಚಿಸುತ್ತಿದ್ದಳು. ಅಂದಿನಿಂದ ನನಗೂ ಒಂದೇ ಹಟ ಹಿಡಿಯಿತು. ಇವಳನ್ನು ಮತ್ತೆ ಅಲ್ಲಿ ಕೂರಿಸಬೇಕು, ನೋವಿಲ್ಲದೆ ಕೂರಿಸಬೇಕು.

ಕೂಲಿಗೆ ಬಂದ ಹೆಂಗಸು ಒಳ್ಳೆಯವಳೇ. ಆದರೆ ಎಳೆ ಕಡಿದರೆ ರಾಟೆ ಎರಡು ಸುತ್ತು ಹೋದಮೇಲೆ ನೋಡುತ್ತಿದ್ದಳು. ಇವಳು ಪಟ್ಟಿ ಕಟ್ಟಿಕೊಂಡು ಹಿಂದೆಯೇ ನಿಂತು, ತಲೆ ತಗ್ಗಿಸಲಾಗದೆ ಸೊಂಟದಿಂದಲೇ ಇಡೀ ಮೈ ಬಗ್ಗಿಸಿ, "ಅಲ್ಲಿ ಕಡೀತು, ಅಲ್ಲಿ, ಅಲ್ಲಿ," ಅನ್ನುವಳು. ಹೂಂ ಅನ್ನಲೂ ಇಡೀ ಮೈ ಬಗ್ಗಬೇಕು. ನೂಲು ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬ, "ಏನಮ್ಮಾ, ಈಗೀಗ ನಮಗೆಲ್ಲ ನಮಸ್ಕಾರ ಮಾಡ್ತಿದ್ದೀಯ, ಬೆಲೆ ಇಳಿಸ್ತೀಯಾ?" ಅಂತ ರೇಗಿಸಿದ. "ಪಟ್ಟಿ ಕತ್ತಿಗೆ ಕಟ್ಟಿದ್ದಾರೆ, ಬಾಯಿಗಲ್ಲ," ಅಂದಳು ಇವಳು.

ಆ ಡಾಕ್ಟರ ಚೀಟಿಯ ಕೊನೆಯಲ್ಲಿ ಇನ್ನೊಂದು ಪದ ಇತ್ತು. ಔಷಧಿ ಅಂಗಡಿಯಲ್ಲಿ ಕೇಳಿದರೆ, "ಫಿಸಿಯೋಥೆರಪಿ ಅದು. ಇಲ್ಲಿ ಸಿಗಲ್ಲ, ಚಿಕ್ಕಬಳ್ಳಾಪುರಕ್ಕೆ ಹೋಗ್ಬೇಕು," ಅಂದರು. ನಾನು ಅದನ್ನೂ ಒಂದು ಮುಲಾಮು ಅಂದುಕೊಂಡೇ ಹೋದೆ.

ಚಿಕ್ಕಬಳ್ಳಾಪುರದ ಒಂದು ಬೀದಿಯಲ್ಲಿ, ಬಟ್ಟೆ ಅಂಗಡಿಯ ಮೇಲೆ, ಸಣ್ಣದೊಂದು ಕೋಣೆ. ಅಲ್ಲಿದ್ದದ್ದು ಆ ಊರಿನದೇ ಮುಸ್ಲಿಂ ಮನೆತನದ ಹುಡುಗಿ, ಬೆಂಗಳೂರಿನಲ್ಲಿ ಓದಿ ಹೊಸದಾಗಿ ಬಂದವಳು. ಒಳಗೆ ಫೋನಿನಲ್ಲಿ ಉರ್ದು, ನಮ್ಮ ಮುಂದಿನವರೊಡನೆ ತೆಲುಗು, ನಮ್ಮೊಡನೆ ಕನ್ನಡ. ನಾನು "ಡಾಕ್ಟರಮ್ಮ" ಅಂದೆ. "ನಾನು ಡಾಕ್ಟರ್ ಅಲ್ಲಣ್ಣ, ಫಿಸಿಯೋ," ಅಂದಳು. ನನ್ನ ಬಾಯಿಗೆ ಡಾಕ್ಟರಮ್ಮನೇ ಸುಲಭವಾಗಿತ್ತು, ಅದನ್ನೇ ಇಟ್ಟುಕೊಂಡೆ.

ಅವಳು ಪಟ್ಟಿ ಬಿಚ್ಚಿಸಿ, ಇವಳ ಕತ್ತನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಕೈ ಜೋಮು ಹಿಡಿಯುತ್ತದಾ, ಬೆರಳಿಂದ ವಸ್ತು ಜಾರುತ್ತದಾ, ಎಲ್ಲಾದರೂ ಬಿದ್ದಿದ್ದಿರಾ, ಜ್ವರ ಬಂದಿತ್ತಾ ಅಂತೆಲ್ಲ ಕೇಳಿದಳು. ಇಲ್ಲ ಅಂದಮೇಲೆ ಅವಳ ಮುಖ ಹಗುರಾಯಿತು. ಈ ಪ್ರಶ್ನೆಗಳನ್ನು ನೀವೂ ನೆನಪಿಟ್ಟುಕೊಳ್ಳಿ. ಇವುಗಳಲ್ಲಿ ಒಂದಕ್ಕಾದರೂ ಹೌದು ಅಂದರೆ ಎಣ್ಣೆ, ಶಾಖ ಅಂತ ಕೂರಬಾರದು, ನೇರ ಡಾಕ್ಟರ ಹತ್ತಿರ ಓಡಬೇಕು.

ಬಿಸಿ ಬಟ್ಟೆಯ ಶಾಖ ಕೊಟ್ಟು, ತಲೆಯನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಲು ಹೇಳಿಕೊಟ್ಟು, "ಇವತ್ತಿಗೆ ಇಷ್ಟು," ಅಂದಳು.

ನನಗೆ ತಡೆಯಲಾಗಲಿಲ್ಲ. ಗೋಡೆ ಪಕ್ಕ ದೊಡ್ಡದೊಂದು ಯಂತ್ರ ಇತ್ತು. "ಅಲ್ಲಮ್ಮ, ಅದನ್ನ ಹಾಕಲ್ವಾ? ಇಂಜಕ್ಷನ್ ಇಲ್ಲ, ಮಾತ್ರೆ ಇಲ್ಲ, ಕರೆಂಟೂ ಇಲ್ಲ. ಕತ್ತು ತಿರುಗಿಸೋದಕ್ಕೆ ಫೀಸಾ? ಅದನ್ನ ಮನೇಲೇ ತಿರುಗಿಸ್ತಾಳಲ್ಲ?"

"ತಿರುಗಿಸಿದ್ರಾ ಇಷ್ಟು ದಿನ?"

"ಇಲ್ಲ."

"ಫೀಸು ಅದಕ್ಕೇ."

ನನ್ನ ಮಾತಿಗೆ ಒಂದೇ ಏಟಿಗೆ ಬೀಗ ಹಾಕಿದವರು ಅಪರೂಪ. ಇವಳು ಎದ್ದು ಕೂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆದರೂ ನಾನು ಬಿಡಲಿಲ್ಲ. ದಿನಾ ಮೂರು ಹೊತ್ತು ಮಾಡಿಸಿ ಅಂದಳು ಆ ಹುಡುಗಿ, ಒಂದೇ ಹೊತ್ತು ಸಾಕಲ್ಲ ಅಂದೆ. ಎರಡಕ್ಕೆ ಇಳಿದಳು. ಗೆದ್ದೆ ಅಂತ ಮೀಸೆ ತಿರುವಿಕೊಂಡು ಬಂದೆ. ಎಷ್ಟೋ ದಿನದ ಮೇಲೆ ಅವಳೇ ಹೇಳಿದಳು, "ಎರಡು ಹೊತ್ತೇ ಬೇಕಾಗಿದ್ದಿದ್ದು ಅಣ್ಣಾ. ನಿಮ್ಮನ್ನ ನೋಡಿದ ಕೂಡ್ಲೇ ಮೂರು ಅಂದೆ."

ನೋವು ಯಾಕೆ ಬರುತ್ತದೆ ಅಂತ ಅವಳು ಹೇಳಿಕೊಟ್ಟ ರೀತಿ ನನ್ನಂಥವನಿಗೂ ಹಿಡಿಸಿತು. ಕಿಟಕಿಯ ಬಳಿ ಇದ್ದ ನೀರಿನ ಕೊಡವನ್ನು ನನ್ನ ಎದೆಗೆ ಅವುಚಿ ಹಿಡಿಸಿದಳು. ಹಗುರ. "ಈಗ ಕೈ ಮುಂದಕ್ಕೆ ಚಾಚಿ ಹಿಡೀರಿ." ಚಾಚಿದೆ. ಅದೇ ಕೊಡ, ಅದೇ ನೀರು, ತೋಳು ನಡುಗತೊಡಗಿತು. "ತಲೆನೂ ಹಂಗೇ ಅಣ್ಣಾ. ಭುಜದ ಮೇಲೆ ನೆಟ್ಟಗೆ ಕೂತಿದ್ರೆ ಅದರ ಭಾರ ಗೊತ್ತಾಗಲ್ಲ. ಮುಂದಕ್ಕೆ ಬಗ್ಗಿದಷ್ಟೂ ಹಿಂದಿನ ಮಾಂಸಖಂಡ ಜಗ್ಗಿ ಹಿಡ್ಕೋಬೇಕು. ಬೆಳಗಿಂದ ಸಂಜೆ ತನಕ ಜಗ್ಗಿದ್ರೆ ಅದು ಗಂಟಾಗುತ್ತೆ."

ತೂಕದ ಕೋಲು ನೋಡಿದವನಿಗೆ ಇಷ್ಟು ಸಾಕು. ತೂಕದ ಬಟ್ಟು ಅದೇ, ಅದನ್ನು ಕೋಲಿನ ತುದಿಗೆ ಸರಿಸಿದರೆ ಲೆಕ್ಕವೇ ಬೇರೆ. ವ್ಯಾಪಾರಿಗಳು ಮೋಸ ಮಾಡುವುದೇ ಅಲ್ಲಿ!

ಮುಂದಿನ ವಾರಗಳಲ್ಲಿ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ಅದನ್ನೇ ನೆಚ್ಚಿಕೊಂಡರೆ ಕತ್ತು ಸೋಮಾರಿಯಾಗುತ್ತದಂತೆ. ಗದ್ದವನ್ನು ಒಳಕ್ಕೆಳೆದು ತಲೆ ಹಿಂದಕ್ಕೆ ಸರಿಸುವುದು, ಭುಜ ಎತ್ತಿ ಇಳಿಸುವುದು ಕಲಿಸಿದಳು. ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಅಂಗೈಯನ್ನು ಹಣೆಗೆ ಒತ್ತಿ ಮೆಲ್ಲಗೆ ತಳ್ಳಬೇಕು, ತಲೆ ಎದುರು ತಳ್ಳಬೇಕು, ಎರಡೂ ಅಲ್ಲಾಡಬಾರದು.

"ಇದೇ ಕಣೇ ಚೌಕಾಸಿ!" ಅಂದೆ. "ಅವನೂ ಬಿಡಲ್ಲ, ನಾನೂ ಬಿಡಲ್ಲ, ಇಬ್ಬರೂ ಕೂತ ಜಾಗದಿಂದ ಏಳಲ್ಲ. ಆದ್ರೆ ಇಬ್ಬರಿಗೂ ಬಲ ಬರುತ್ತೆ."

"ಹಂಗಾದ್ರೆ ನಮ್ಮ ಮದುವೆ ಆದಾಗಿಂದ ಇದೇ ವ್ಯಾಯಾಮ," ಅಂದಳು ಅವಳು.

ನೋವು ಇಳಿಯಿತು. ತಲೆ ಎರಡು ಕಡೆಗೂ ತಿರುಗತೊಡಗಿತು. ಒಂದು ಬೆಳಗ್ಗೆ ಅವಳೇ ಹೋಗಿ ಬೇಸಿನ್ ಮುಂದೆ ಕೂತಳು. ನಾನು ಜಗಲಿಯ ಮೇಲೆ ಕೂತು, ಒಳಗೆ ರಾಟೆ ಅವಳ ಕೈಯ ಲಯದಲ್ಲಿ ತಿರುಗುವ ಸದ್ದು ಕೇಳಿದೆ. ಎಷ್ಟು ದಿನ ಆಗಿತ್ತು ಆ ಸದ್ದು ಕೇಳಿ! ಮನೆಯ ಉಸಿರು ಸರಿಹೋದ ಹಾಗೆ.

ಆದರೆ ವಾರ ಕಳೆಯುವಷ್ಟರಲ್ಲಿ ಕತ್ತಿನ ಎಡಭಾಗ ಮತ್ತೆ ಬಿಗಿಯಿತು. ಈ ಸಲ ಅವಳು ಹಟ ಹಿಡಿಯಲಿಲ್ಲ. ಕೈಯ ನೀರು ಒರೆಸಿಕೊಂಡು, "ಆ ದೊಡ್ಡ ಡಾಕ್ಟರು ಹೇಳಿದ್ದೇ ಸರಿ ಕಣ್ರೀ, ಬಿಟ್ಟುಬಿಡ್ತೀನಿ. ಕೂಲಿಯವಳಿಗೆ ಹೇಳಿ ಕಳಿಸಿ," ಅಂದಳು. ನಾನು ಹೇಳಿ ಕಳಿಸಲಿಲ್ಲ. ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ.

"ಕೊಟ್ಟ ಮಾಲು ಸರಿ ಇಲ್ಲ ಡಾಕ್ಟರಮ್ಮ, ವಾಪಸ್ಸು ಬಂದಿದೀನಿ," ಅಂದೆ.

ಅವಳು ನಗಲಿಲ್ಲ. "ಎಡಗಡೆ ಮಾತ್ರಾನಾ? ಬಗ್ಗೋದ್ರಿಂದ ಬಂದಿದ್ರೆ ಎರಡೂ ಕಡೆ ಬರಬೇಕಲ್ಲ," ಅಂತ ತನ್ನಷ್ಟಕ್ಕೇ ಅಂದುಕೊಂಡು, "ಶುಕ್ರವಾರ ಶಿಡ್ಲಘಟ್ಟದಲ್ಲಿ ನಮ್ಮ ಖಾಲಾ ಮನೆಗೆ ಬರ್ತೀನಿ. ಅಕ್ಕ ಕೂರೋ ಜಾಗ ನೋಡಬೇಕು," ಅಂದಳು. ಚಿಕ್ಕಮ್ಮನ ಮನೆ ನಮ್ಮ ಬೀದಿಯಿಂದ ದೂರವಿರಲಿಲ್ಲ.

ಬಂದಳು. ನಮ್ಮಮ್ಮ ಕೊಟ್ಟ ಮಜ್ಜಿಗೆ ಕುಡಿದು, ಒಳಗೋಣೆಯ ಮೂಲೆಯಲ್ಲಿ ಗೂಡಿನ ಚೀಲದ ಮೇಲೆ ಕೂತಳು. "ನನ್ನನ್ನ ಮರೆತು ಕೆಲಸ ಮಾಡಿ ಅಕ್ಕ," ಅಂದಳು. ಮೊದಲು ಕಂಡದ್ದು ಇವಳ ಎತ್ತರದ ಮಣೆ. ನಾನೇ ಮುತುವರ್ಜಿಯಿಂದ ಮಾಡಿಸಿದ್ದು, ಹೆಂಡತಿ ಎತ್ತರದಲ್ಲಿ ಕೂರಲಿ ಅಂತ. "ಅದಕ್ಕೇ ಇಷ್ಟು ಬಗ್ಗಬೇಕಾಗಿದೆ. ಕಾಲು ಕುಯ್ಸಿ," ಅಂದಳು. ಒಳ್ಳೇ ಹೊನ್ನೆ ಮರ!

ಅಷ್ಟರಲ್ಲಿ ನೂಲಿನ ವ್ಯಾಪಾರಿ ಬಂದ, ಅದೇ ನಮಸ್ಕಾರ ಅಂತ ರೇಗಿಸಿದವನು. ನಾನು ಎಂದಿನಂತೆ ಜಗಲಿಗೆ ಹೋಗಿ ಚಾಪೆ ಹಾಸಿ ಮಾತಿಗೆ ಕೂತೆ. ಅವನ ಬೆನ್ನು ಒಳಬಾಗಿಲಿಗೆ, ನನ್ನ ಮುಖ ಒಳಬಾಗಿಲಿಗೆ. ಜಗ್ಗಾಟ ಶುರುವಾಯಿತು. ಇನ್ನೇನು ಒಂದು ಬೆಲೆಗೆ ಬಂತು ಅನ್ನುವಾಗ ಒಳಗಿನಿಂದ ಆ ಹುಡುಗಿ ಕೂಗಿದಳು.

"ಅಣ್ಣಾ! ಸಿಕ್ತು!"

ಇಬ್ಬರೂ ಬೆಚ್ಚಿಬಿದ್ದೆವು. ಅವಳು ಬಾಗಿಲಿಗೆ ಬಂದು ನಿಂತಳು. "ಜಗಲಿ ಅಕ್ಕನ ಎಡಕ್ಕಿದೆ, ಸ್ವಲ್ಪ ಹಿಂದಕ್ಕೆ. ಕೈ ನೀರಲ್ಲಿ, ಕಣ್ಣು ನಿಮ್ಮ ಮೇಲೆ. ನೀವು ಒಂದು ಮಾತಾಡಿದ್ರೆ ಅಕ್ಕ ಒಂದು ಸಲ ಹೊರಳಿ ನೋಡ್ತಾರೆ. ಬಗ್ಗಿಕೊಂಡೇ ಹೊರಳ್ತಾರೆ. ಆಮೇಲೆ ತಲೆ ಹಿಂಗೆ ಬೇರೆ ವಾಲಿಸ್ತಾರೆ." ಇವಳು ನನಗೆ ಮಾಡುವ ಸನ್ನೆಯನ್ನು ಆ ಹುಡುಗಿ ಹಾಗೇ ಮಾಡಿ ತೋರಿಸಿದಳು, ವ್ಯಾಪಾರಿಯ ಎದುರೇ!

ವ್ಯಾಪಾರಿ ಹುಡುಗಿಯನ್ನು ನೋಡಿದ, ನನ್ನನ್ನು ನೋಡಿದ, ತಿರುಗಿ ಒಳಗಿದ್ದ ಇವಳನ್ನು ನೋಡಿದ. ಅವನ ಮುಖದಲ್ಲಿ ಒಂದೊಂದೇ ದೀಪ ಹತ್ತಿತು. "ಆಹಾ! ಇಷ್ಟು ವರ್ಷ ನಾನು ವ್ಯಾಪಾರ ಮಾಡ್ತಿದ್ದಿದ್ದು ನಿನ್ನ ಹತ್ರ ಅಲ್ಲ ಅನ್ನು!"

ಗುಟ್ಟು ಬೀದಿಗೆ ಬಿತ್ತು. ಆದರೆ ಆಗ ನನಗೆ ಅದರ ಚಿಂತೆಯೇ ಬರಲಿಲ್ಲ. ಇವಳು ನೀರಿನಿಂದ ಕೈ ತೆಗೆದು, ಬಾಯಿ ಬಿಟ್ಟುಕೊಂಡು ಕೂತಿದ್ದಳು. "ಹೌದಾ? ನಾನು ಅಷ್ಟು ಸಲ ತಿರುಗ್ತೀನಾ?" ಅವಳಿಗೇ ಗೊತ್ತಿರಲಿಲ್ಲ. ನಾವು ಸಂಪಾದಿಸಿದ ಒಂದೊಂದು ವ್ಯಾಪಾರಕ್ಕೂ ಆ ಕತ್ತು ಒಂದೊಂದು ಸಲ ಹೊರಳಿತ್ತು.

"ಈಗ ಬೇಸಿನ್ ತಿರುಗಿಸಿ ಹಾಕಿಸಬೇಕಾ?" ಅಂತ ಕೇಳಿದೆ. ಒಲೆ, ಹೊಗೆಗೂಡು ಎಲ್ಲ ಒಡೆದು ಕಟ್ಟಿಸಬೇಕು.

"ಬೇಸಿನ್ ಯಾಕೆ ತಿರುಗಿಸ್ತೀರ ಅಣ್ಣಾ? ನೀವು ಎದ್ದು ಈಚೆ ಬನ್ನಿ," ಅಂದಳು ಆ ಹುಡುಗಿ.

ಅಷ್ಟೇ ಕಣ್ರೀ. ಬೇಸಿನ್ನಿನ ಆಚೆ, ಗೋಡೆ ಪಕ್ಕ, ಒಂದು ಬೆಂಚು ಹಿಡಿಸುವಷ್ಟು ಜಾಗ ಇತ್ತು. ಮಾರನೆಯ ದಿನ ಬಡಗಿ ಬಂದು ಮಣೆಯ ಕಾಲು ಕುಯ್ದ, ನಾನು ಬೇರೆ ಕಡೆ ನೋಡುತ್ತಾ ನಿಂತಿದ್ದೆ. ಬೆಂಚು ಹಾಕಿಸಿದೆ. ಇನ್ನು ಮೇಲೆ ವ್ಯಾಪಾರ ಜಗಲಿಯ ಮೇಲಲ್ಲ, ಒಳಗೆ, ಅವಳ ಎದುರಿಗೆ. ನೂಲಿನಿಂದ ಕಣ್ಣೆತ್ತಿದರೆ ನೇರ ನಮ್ಮ ಮುಖ. ಗಂಟೆಗೊಮ್ಮೆ ಎದ್ದು ಭುಜ ಆಡಿಸಿ, ಅಂಗೈ ಒತ್ತಿ ಕೂರುವುದನ್ನೂ ಅವಳು ಬಿಡಲಿಲ್ಲ. ಬಿಡಲು ನಾನು ಕೊಡಲಿಲ್ಲ. ವ್ಯಾಯಾಮ ಅನ್ನುವುದು ಸಾಲದಂತೆ ಒಂದು ಸಲ ತೀರಿಸಿ ಮುಗಿಸುವುದಲ್ಲ, ಬಾಡಿಗೆಯಂತೆ ಕಟ್ಟುತ್ತಲೇ ಇರಬೇಕು. ಕತ್ತು ನೋವು ಹೋದಮೇಲೂ ಮಾಡಿ. ಹೋದಮೇಲೇ ಮುಖ್ಯವಾಗಿ ಮಾಡಿ.

ಕೆಲವು ವಾರ ಕಾದೆವು. ಎಡಗಡೆ ಬಿಗಿಯಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ನಾನು ಅವಳ ಕತ್ತು ನೋಡುವುದು, "ಇಲ್ಲ ಕಣ್ರೀ, ಇವತ್ತೂ ಇಲ್ಲ," ಅನ್ನುವುದು ಅವಳು.

ಒಂದು ದಿನ ಅದೇ ವ್ಯಾಪಾರಿ ಬಂದು ಬೆಂಚಿನ ಮೇಲೆ ಕೂತ. ಮುಖಕ್ಕೆ ಆವಿ, ಮೂಗಿಗೆ ಬೆಂದ ಹುಳುವಿನ ವಾಸನೆ. ಕರವಸ್ತ್ರ ಮೂಗಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿ ಒಂದು ಬೆಲೆ ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ಬೇಸಿನ್ನಿನ ಆಚೆಯಿಂದ ಅವಳ ದನಿ ಬಂತು. ಕತ್ತು ನೆಟ್ಟಗೆ, ಕೈ ನೀರಲ್ಲಿ, ರಾಟೆ ತಿರುಗುತ್ತಲೇ ಇದೆ.

"ಅವರನ್ನೇನು ಕೇಳ್ತೀರಣ್ಣ? ಈ ಕಡೆ ನೋಡಿ ಮಾತಾಡಿ. ಆ ಬೆಲೆಗೆ ಆಗಲ್ಲ."

ಅವನು ನನ್ನನ್ನು ನೋಡಿದ. ನಾನು ಎದ್ದು, ಹಸುವಿಗೆ ಹುಲ್ಲು ಹಾಕಿ ಬರ್ತೀನಿ ಅಂತ ಹೇಳಿ, ಇಬ್ಬರನ್ನೂ ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋದೆ.